ಕೆಂಪು ಹನಿಯ ಎಚ್ಚರಿಕೆ: ಮರುಭೂಮಿಯ ಬಿಸಿಯಲ್ಲಿ ಸ್ಪೋರ್ಟ್ಸ್ ಕಾರುಗಳ ಗೇರ್‌ಬಾಕ್ಸ್ ಎಣ್ಣೆ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ದುಬೈನ ಅಲ್ ಕೂಜ್, ಅಬುಧಾಬಿಯ ಮುಸಫ್ಫಾ, ಕುವೈತಿನ ಶುವೈಖ್, ಮಸ್ಕತ್ತಿನ ವಾದಿ ಕಬೀರ್. ಗಲ್ಫ್‌ನ ಯಾವ ನಗರಕ್ಕೆ ಹೋದರೂ ಊರಿನ ಅಂಚಿನಲ್ಲಿ ಗ್ಯಾರೇಜುಗಳ ಒಂದು 'ಸನಾಯಾ' ಇದ್ದೇ ಇರುತ್ತದೆ. ಅದರ ಯಾವುದೋ ಒಂದು ಗಲ್ಲಿಯಲ್ಲಿ ಕನ್ನಡವೋ ತುಳುವೋ ಬ್ಯಾರಿಯೋ ಕೊಂಕಣಿಯೋ ಕಿವಿಗೆ ಬೀಳದೆ ಇರದು. ನಮ್ಮಲ್ಲಿ ಕೆಲವರು ಲಿಫ್ಟಿನ ಕೆಳಗೆ ಸ್ಪ್ಯಾನರ್ ಹಿಡಿದು ನಿಲ್ಲುವವರು. ಕೆಲವರು ಅರಬಾಬನ ಮನೆಯ ಡ್ರೈವರುಗಳು, ಕೆಲವರು ಹೋಟೆಲಿನ ಮುಂದೆ ವ್ಯಾಲೆ ಪಾರ್ಕಿಂಗ್ ಮಾಡುವವರು, ಕಾರ್ ವಾಶ್‌ನವರು, ಬಿಡಿಭಾಗಗಳ ಅಂಗಡಿಯವರು, ರಿಕವರಿ ಲಾರಿ ಓಡಿಸುವವರು. ಇತ್ತೀಚಿನ ವರ್ಷಗಳಲ್ಲಿ ಇನ್ನೂ ಒಂದು ಗುಂಪು ಸೇರಿದೆ: ನಾಲ್ಕಾರು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಮಸ್ಟ್ಯಾಂಗನ್ನೋ ಚಾರ್ಜರನ್ನೋ ಕೊಂಡ ನಮ್ಮ ಹುಡುಗರು.

ಹೀಗೆ ಒಂದಲ್ಲ ಒಂದು ರೀತಿಯಲ್ಲಿ ವೇಗದ ಕಾರುಗಳು ನಮ್ಮ ಅನ್ನದ ಜೊತೆ ತಳುಕು ಹಾಕಿಕೊಂಡಿವೆ. ಅವುಗಳಲ್ಲಿ ನಾವು ಪದೇ ಪದೇ ಕಾಣುವ, ಆದರೆ ಮಾತಾಡದೆ ಬಿಡುವ ಒಂದು ಸಂಗತಿಯನ್ನು ಈ ಬಾರಿಯ ವಾರ್ಷಿಕ ಸಂಚಿಕೆಗೆ ಬರೆಯುತ್ತಿದ್ದೇವೆ. ಅದು ಗೇರ್‌ಬಾಕ್ಸಿನ ಎಣ್ಣೆ. ಎಂಜಿನ್ ಆಯಿಲ್ ಮನೆಯ ಹಿರಿಮಗನಂತೆ. ಎಲ್ಲರೂ ಅದರ ಯೋಗಕ್ಷೇಮ ವಿಚಾರಿಸುತ್ತಾರೆ, ಗಾಜಿಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಗೇರ್‌ಬಾಕ್ಸ್ ಎಣ್ಣೆಯನ್ನು ಕೇಳುವವರಿಲ್ಲ. ನೆಲದ ಮೇಲೆ ಒಂದು ಕೆಂಪು ಹನಿ ಬಿದ್ದರೂ 'ಖಲ್ಲಿ ವಲ್ಲಿ' ಎಂದು ಬಟ್ಟೆಯಲ್ಲಿ ಒರೆಸಿ ಮುಂದೆ ಹೋಗುತ್ತಾರೆ.

ನಾವು ಹೇಳಹೊರಟಿರುವುದು ಇಷ್ಟು. ಗಲ್ಫ್‌ನ ಬಿಸಿಯಲ್ಲಿ ಗೇರ್‌ಬಾಕ್ಸ್ ಎಣ್ಣೆಗೆ 'ಜೀವಮಾನದ ಬಾಳಿಕೆ' ಇಲ್ಲ. ಸಣ್ಣ ಸೋರಿಕೆ ಎಂಬುದೂ ಇಲ್ಲ. ಇದನ್ನು ತಿಳಿದ ಕೈಗೆ ಕಾರೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಯಾಕೆಂದರೆ ಗೇರ್‌ಬಾಕ್ಸ್ ಹೋದ ದಿನ ಮೊದಲ ಪ್ರಶ್ನೆ ಕಾರಿನ ಕಂಪನಿಗೆ ಹೋಗುವುದಿಲ್ಲ. ಕೊನೆಗೆ ಗಾಡಿ ಮುಟ್ಟಿದವನಿಗೆ ಬರುತ್ತದೆ. ಒಂದು ಸ್ಪೋರ್ಟ್ಸ್ ಕಾರಿನ ಹೊಸ ಗೇರ್‌ಬಾಕ್ಸಿನ ಬೆಲೆ ನಮ್ಮಲ್ಲಿ ಅನೇಕರ ಇಡೀ ವರ್ಷದ ಸಂಬಳವನ್ನು ಮೀರುವಂಥದ್ದು.

ಆ ಎಣ್ಣೆ ಮಾಡುವ ನಾಲ್ಕು ಕೆಲಸ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗಿನ ಎಣ್ಣೆ ಬರೀ ಜಾರಿಸುವ ಎಣ್ಣೆಯಲ್ಲ. ಅದು ಹಲ್ಲುಚಕ್ರಗಳನ್ನು ಸವೆಯದಂತೆ ಕಾಯುತ್ತದೆ, ಒಳಗಿನ ಬಿಸಿಯನ್ನು ಕೂಲರಿಗೆ ಹೊತ್ತೊಯ್ಯುತ್ತದೆ, ಒತ್ತಡದ ಬಲದಿಂದ ಕ್ಲಚ್ಚುಗಳನ್ನು ಒತ್ತಿ ಹಿಡಿಯುತ್ತದೆ. ನಾಲ್ಕನೆಯದೇ ಸೂಕ್ಷ್ಮದ್ದು: ಕ್ಲಚ್ ಪ್ಲೇಟುಗಳು ಎಷ್ಟು ಜಾರಬೇಕು, ಎಷ್ಟು ಕಚ್ಚಬೇಕು ಎಂಬ ಹದವನ್ನು ಎಣ್ಣೆಯಲ್ಲಿ ಬೆರೆಸಿದ ರಾಸಾಯನಿಕಗಳೇ ನಿರ್ಧರಿಸುತ್ತವೆ. ಹಿಂದೆ ಅಮೆರಿಕದಲ್ಲಿ ಈ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಲ್ಲಿ ತಿಮಿಂಗಿಲ ಎಣ್ಣೆಗೆ ನಿಷೇಧ ಬಂದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು. ಒಂದು ಗೇರ್‌ಬಾಕ್ಸಿಗೆ ಹೇಳಿದ ಎಣ್ಣೆ ಇನ್ನೊಂದಕ್ಕೆ ಏಕೆ ಆಗಿಬರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ ಹದದಲ್ಲೇ ಇದೆ.

ಸ್ಪೋರ್ಟ್ಸ್ ಕಾರುಗಳಲ್ಲಿ ಈಗ ಎರಡು ಬಗೆಯ ಗೇರ್‌ಬಾಕ್ಸುಗಳು ಹೆಚ್ಚು. ಒಂದು, ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್. ಬಿಎಂಡಬ್ಲ್ಯು, ಜಾಗ್ವಾರ್, ಈಚಿನ ಡಾಜ್ ಚಾರ್ಜರ್ ಮತ್ತು ಚಾಲೆಂಜರುಗಳಲ್ಲಿರುವ ಝಡ್‌ಎಫ್ ಮೂಲದ 8 ಗೇರುಗಳ ಪೆಟ್ಟಿಗೆ ಇದಕ್ಕೆ ಉದಾಹರಣೆ. ಇನ್ನೊಂದು, ಎಣ್ಣೆಯಲ್ಲಿ ಮುಳುಗಿದ ಜೋಡಿ ಕ್ಲಚ್ಚಿನದ್ದು. ಪೋರ್ಷೆಯ ಪಿಡಿಕೆ, ನಿಸಾನ್ ಜಿಟಿ-ಆರ್, ಹೊಸ ಕಾರ್ವೆಟ್ ಈ ಸಾಲಿನವು. ಎರಡರಲ್ಲೂ ಕ್ಲಚ್ ಜಾರಿದಾಗ ಹುಟ್ಟುವ ಬೆಂಕಿಯಂಥ ಬಿಸಿಯನ್ನು ಎಣ್ಣೆಯೇ ನುಂಗಬೇಕು. ಸಿಗ್ನಲ್ಲಿನಲ್ಲಿ ನಿಂತು ಒಮ್ಮೆಗೇ ಚಿಮ್ಮಿಸುವ ಪ್ರತಿ ಬಾರಿಯೂ ಆ ಬಿಸಿಯ ಲೆಕ್ಕ ಎಣ್ಣೆಯ ಖಾತೆಗೆ ಸೇರುತ್ತದೆ.

'ಲೈಫ್‌ಟೈಮ್' ಎಂದರೆ ಯಾರ ಆಯುಷ್ಯ?

ಹಲವು ಜರ್ಮನ್ ಕಾರುಗಳ ಗೇರ್‌ಬಾಕ್ಸಿನ ಮೇಲೆ 'ಲೈಫ್‌ಟೈಮ್ ಆಯಿಲ್' ಎಂಬ ಚೀಟಿ ಅಂಟಿಸಿರುವುದನ್ನು ನಮ್ಮವರು ನೋಡಿದ್ದಾರೆ. ಗ್ರಾಹಕನೂ ಅದನ್ನೇ ತೋರಿಸಿ 'ಇದಕ್ಕೆ ಎಣ್ಣೆ ಬದಲಿಸುವುದೇ ಬೇಡ' ಎನ್ನುತ್ತಾನೆ. ಆದರೆ ಆ ಗೇರ್‌ಬಾಕ್ಸನ್ನು ತಯಾರಿಸಿದ ಝಡ್‌ಎಫ್ ಕಂಪನಿಯೇ, ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿ.ಮೀ. ನಡುವೆ, ಇಲ್ಲವೆ 8 ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎನ್ನುತ್ತದೆ. ಬಿಸಿ ಹೆಚ್ಚಿದ್ದರೆ, ಸ್ಪೋರ್ಟ್ಸ್ ರೀತಿಯಲ್ಲಿ ಓಡಿಸುತ್ತಿದ್ದರೆ ಇನ್ನೂ ಬೇಗ. ಕಾರು ಮಾರುವವರ ಮಾತಿಗೂ ಪೆಟ್ಟಿಗೆ ಮಾಡಿದವರ ಮಾತಿಗೂ ಇರುವ ಈ ಅಂತರವನ್ನು ಗ್ರಾಹಕನಿಗೆ ತಿಳಿಹೇಳುವುದು ನಮ್ಮ ಕೆಲಸ.

ಜನರಲ್ ಮೋಟಾರ್ಸ್‌ನ ಹಲವು ಕೈಪಿಡಿಗಳಲ್ಲಿ ಇನ್ನೊಂದು ಸಾಲು ಇರುತ್ತದೆ. ಹೊರಗಿನ ಹವೆ ಆಗಾಗ 32 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಕಡೆ, ನಗರದ ದಟ್ಟ ಟ್ರಾಫಿಕ್ಕಿನಲ್ಲಿ ಓಡುವ ಗಾಡಿಗಳನ್ನು ಅದು 'ಕಠಿಣ ಬಳಕೆ'ಯ ಪಟ್ಟಿಗೆ ಸೇರಿಸುತ್ತದೆ. 32 ಡಿಗ್ರಿ! ನಮ್ಮಲ್ಲಿ ಜುಲೈ ತಿಂಗಳ ರಾತ್ರಿಯೂ ಅದಕ್ಕಿಂತ ಬಿಸಿಯಾಗಿರುವುದುಂಟು. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಶಾರ್ಜಾ-ದುಬೈ ನಡುವಿನ ಸಂಜೆಯ ಜಾಮಿನಲ್ಲಿ ಏಸಿ ಹಾಕಿಕೊಂಡು ತೆವಳುವ ಕಾರು, ಮೀಟರಿನಲ್ಲಿ ಕಿಲೋಮೀಟರ್ ಎಷ್ಟೇ ಕಡಿಮೆ ತೋರಿಸಲಿ, ಕಠಿಣ ಬಳಕೆಯ ಗಾಡಿಯೇ ಸರಿ.

ಬಿಸಿ ಎಣ್ಣೆಯನ್ನು ಹೇಗೆ ತಿನ್ನುತ್ತದೆ? ನಮ್ಮ ಕಸುಬಿನಲ್ಲಿ ಬಹುಕಾಲದಿಂದ ಇರುವ ಸ್ಥೂಲ ಲೆಕ್ಕ ಹೀಗಿದೆ: ಎಣ್ಣೆ 80 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಕ್ಷೇಮ, ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಸದಾ 110 ಡಿಗ್ರಿಯಲ್ಲಿ ಕುದಿಯುವ ಎಣ್ಣೆಯ ಬಾಳು ಎಂಟನೇ ಒಂದು ಭಾಗ. ಕೂಲರ್ ಇದೆಯಲ್ಲ ಎನ್ನಬಹುದು. ಕೂಲರ್ ಕೆಲಸ ಮಾಡುವುದು ಎಣ್ಣೆಗೂ ಗಾಳಿಗೂ ಇರುವ ಉಷ್ಣತೆಯ ಅಂತರದ ಮೇಲೆ. ಎಣ್ಣೆ 95 ಡಿಗ್ರಿಯಲ್ಲಿದ್ದಾಗ 20 ಡಿಗ್ರಿಯ ಜರ್ಮನಿಯ ಹವೆಯಲ್ಲಿ ಆ ಅಂತರ 75 ಡಿಗ್ರಿ. 48 ಡಿಗ್ರಿಯ ನಮ್ಮ ಮಧ್ಯಾಹ್ನದಲ್ಲಿ ಬರೀ 47. ಅದೇ ಕೂಲರ್, ಅದೇ ಕಾರು, ತಣಿಸುವ ಶಕ್ತಿ ಮಾತ್ರ ಬಹಳ ಕಡಿಮೆ.

ಇದಕ್ಕಾಗಿಯೇ 'ಜಿಸಿಸಿ ಸ್ಪೆಕ್' ಎಂಬ ಮಾತಿಗೆ ಇಲ್ಲಿ ಬೆಲೆ. ಇಲ್ಲಿನ ಮಾರುಕಟ್ಟೆಗೆಂದು ಬಂದ ಕಾರುಗಳಿಗೆ ತಣಿಸುವ ವ್ಯವಸ್ಥೆಯನ್ನು ಬಲಪಡಿಸಿರುತ್ತಾರೆ. ಅಮೆರಿಕದಲ್ಲಿ ಅಪಘಾತವಾಗಿ ಹರಾಜಾಗಿ, ಹಡಗಿನಲ್ಲಿ ಶಾರ್ಜಾಕ್ಕೆ ಬಂದು, ಬಣ್ಣ ಬಳಿಸಿಕೊಂಡು ನಿಂತ ಅಗ್ಗದ ಮಸ್ಟ್ಯಾಂಗಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಅಂಥ ಗಾಡಿ ಕೊಳ್ಳುವ ನಮ್ಮ ಹುಡುಗರು ಬಣ್ಣಕ್ಕಿಂತ ಮೊದಲು ಗೇರ್‌ಬಾಕ್ಸಿನ ಹೊಟ್ಟೆ ನೋಡಬೇಕು.

ಕಾರಿಗೊಂದು ಲೆಕ್ಕ

ಎಲ್ಲ ಕಾರಿಗೂ ಒಂದೇ ಅಂತರ ಹೇಳಲಾಗದು. ಕೆಲವು ಉದಾಹರಣೆಗಳು:

ಗಾಲ್ಫ್ ಜಿಟಿಐಯಂಥ ಕಾರುಗಳಲ್ಲಿ ಬಂದ 6 ಗೇರುಗಳ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಡಿಎಸ್‌ಜಿಗೆ 60,000 ಕಿ.ಮೀ.ಗೊಮ್ಮೆ ಎಣ್ಣೆ ಮತ್ತು ಫಿಲ್ಟರ್.

2020ರ ಮಾದರಿಯಾಗಿ ಬಂದ, ಎಂಜಿನ್ ಹಿಂದಕ್ಕೆ ಸರಿದ ಕಾರ್ವೆಟ್‌ನ ಜೋಡಿ ಕ್ಲಚ್ ಪೆಟ್ಟಿಗೆಗೆ ಆರಂಭದ ವೇಳಾಪಟ್ಟಿಯಲ್ಲಿ ಮೊದಲ ಫಿಲ್ಟರ್ ಬದಲಾವಣೆ ಸುಮಾರು 12,000 ಕಿ.ಮೀ.ಗೆ, ಆಮೇಲೆ 3 ವರ್ಷ ಅಥವಾ ಸುಮಾರು 36,000 ಕಿ.ಮೀ.ಗೊಮ್ಮೆ ಎಣ್ಣೆ ಮತ್ತು ಫಿಲ್ಟರ್. ಹೊಸ ಪೆಟ್ಟಿಗೆಯ ಲೋಹದ ಪುಡಿ ಮೊದಲ ಓಟದಲ್ಲೇ ಹೆಚ್ಚು ಉದುರುವುದರಿಂದ ಮೊದಲ ಫಿಲ್ಟರಿಗೆ ಅಷ್ಟು ಅವಸರ.

ಪೋರ್ಷೆ 911ಕ್ಕೆ 2008ರಲ್ಲಿ ಬಂದ 7 ಗೇರುಗಳ ಪಿಡಿಕೆಯೊಳಗೆ ಎರಡು ಬೇರೆ ಬೇರೆ ಎಣ್ಣೆಗಳಿವೆ: ಕ್ಲಚ್ಚಿಗೊಂದು, ಗೇರುಗಳಿಗೊಂದು. ಅಂತರಗಳೂ ಬೇರೆ; ಕ್ಲಚ್ಚಿನ ಎಣ್ಣೆಗೆ 6 ವರ್ಷ, ಗೇರಿನ ಎಣ್ಣೆಗೆ ಅದರ ಎರಡರಷ್ಟು. 'ಪಿಡಿಕೆ ಎಣ್ಣೆ ಬದಲಿಸಿದ್ದೇವೆ' ಎಂಬ ಬಿಲ್ಲು ನೋಡಿದರೆ ಯಾವ ಎಣ್ಣೆ ಎಂದು ಕೇಳಲೇಬೇಕು.

ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಲೆಕ್ಕ ಸುಲಭ, ಆದರೆ ಒಂದು ಎಚ್ಚರ ಬೇಕು. ಜಿಎಲ್-4 ಕೇಳಿದ ಪೆಟ್ಟಿಗೆಗೆ 'ಇನ್ನೂ ಮೇಲಿನ ದರ್ಜೆ' ಎಂದುಕೊಂಡು ಜಿಎಲ್-5 ಸುರಿಯಬಾರದು. ಅದರಲ್ಲಿ ಹೆಚ್ಚಿಗೆ ಇರುವ ಗಂಧಕದ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಹಾನಿ ಮಾಡಬಹುದು.

ಇನ್ನು ಕೈಪಿಡಿಯಲ್ಲಿ 'ಲೈಫ್‌ಟೈಮ್' ಎಂದಷ್ಟೇ ಇರುವ, ಬೇಸಿಗೆಯಿಡೀ ಓಡುವ ಕಾರುಗಳಿಗೆ ನಾವು ಪಾಲಿಸುವ ಕ್ರಮ: ಟಾರ್ಕ್ ಕನ್ವರ್ಟರ್ ಪೆಟ್ಟಿಗೆಗೆ 50,000ದಿಂದ 60,000 ಕಿ.ಮೀ. ಅಥವಾ 4 ವರ್ಷ, ಯಾವುದು ಮೊದಲೋ ಅದು. ಯಾಸ್ ಮರೀನಾ ಅಥವಾ ದುಬೈ ಆಟೋಡ್ರೋಮಿನ ಟ್ರ್ಯಾಕಿಗೆ ಹೋಗಿಬರುವ ಗಾಡಿಯಾದರೆ ಹೋಗುವ ಮುಂಚೆ, ಬಂದ ಮೇಲೆ ಎರಡೂ ಸಲ ಸೋರಿಕೆ ನೋಡಬೇಕು. ಜೆಬೆಲ್ ಹಫೀತ್, ಜೆಬೆಲ್ ಜೈಸ್ ಬೆಟ್ಟಗಳನ್ನು ರಭಸದಿಂದ ಹತ್ತಿ ಇಳಿದ ಕಾರನ್ನು ಕೊನೆಯ ಕೆಲವು ಕಿಲೋಮೀಟರ್ ನಿಧಾನಕ್ಕೆ ಓಡಿಸಿ ಎಣ್ಣೆ ತಣಿಸಿ ನಿಲ್ಲಿಸುವುದು ಒಳ್ಳೆಯ ಅಭ್ಯಾಸ.

ಎಲ್ಲೆಲ್ಲಿ ಸೋರುತ್ತದೆ

ರಬ್ಬರು ಮತ್ತು ಪ್ಲಾಸ್ಟಿಕ್ಕು ಬಿಸಿಗೆ ಗಟ್ಟಿಯಾಗುತ್ತವೆ, ಬಿರುಕು ಬಿಡುತ್ತವೆ. ಸೋರಿಕೆಯ ಬಹುಪಾಲು ಕಥೆ ಇಷ್ಟೇ. ಆದರೆ ಜಾಗ ಗೊತ್ತಿದ್ದವನಿಗೆ ಅರ್ಧ ಕೆಲಸ ಮುಗಿದಂತೆ.

ಮೊದಲ ಜಾಗ ಕೆಳಗಿನ ಪ್ಯಾನ್. ಝಡ್‌ಎಫ್‌ನ ಹಲವು ಪೆಟ್ಟಿಗೆಗಳಲ್ಲಿ ಇದು ಪ್ಲಾಸ್ಟಿಕ್ಕಿನದ್ದು, ಫಿಲ್ಟರ್ ಅದರೊಳಗೇ ಸೇರಿರುತ್ತದೆ. ವರ್ಷಗಳ ಬಿಸಿಗೆ ಪ್ಯಾನ್ ತುಸು ಬಾಗುತ್ತದೆ, ಅಂಚಿನಲ್ಲಿ ಎಣ್ಣೆ ಜಿನುಗುತ್ತದೆ. ಬೋಲ್ಟನ್ನು ಇನ್ನೂ ಬಿಗಿ ಮಾಡಿದರೆ ನಿಲ್ಲುವುದಿಲ್ಲ, ಪ್ಯಾನ್ ಸೀಳುತ್ತದೆ. ಹೊಸ ಪ್ಯಾನ್ ಹಾಕಿ, ಟಾರ್ಕ್ ರೆಂಚಿನಲ್ಲಿ ಹೇಳಿದ ಕ್ರಮದಲ್ಲೇ ಬಿಗಿಯಬೇಕು.

ಎರಡನೆಯದು ವಿದ್ಯುತ್ ವೈರು ಒಳಗೆ ಹೋಗುವ ಕನೆಕ್ಟರ್. ಇಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. ಮರ್ಸಿಡಿಸ್‌ನ 722.6 ಎಂಬ 5 ಗೇರುಗಳ ಪೆಟ್ಟಿಗೆ 1990ರ ದಶಕದ ನಡುವಿನಿಂದ ಹಲವು ಎಎಂಜಿ ಕಾರುಗಳಲ್ಲಿ ಬಂತು. ಅದೇ ಮೂಲದ ಪೆಟ್ಟಿಗೆ 2006ರಿಂದ ಡಾಜ್ ಚಾರ್ಜರ್‌ನ 8 ಸಿಲಿಂಡರ್ ಮಾದರಿಗಳಲ್ಲೂ ಇತ್ತು. ಇದರ 13 ಪಿನ್ನಿನ ಕನೆಕ್ಟರಿನ ಓ-ರಿಂಗ್ ಹಳತಾದರೆ ಎಣ್ಣೆ ನೆಲಕ್ಕೆ ಬೀಳುವ ಬದಲು ವೈರಿನ ಎಳೆಗಳ ನಡುವೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಏರಿಹೋಗಿ ಗೇರ್‌ಬಾಕ್ಸಿನ ಕಂಪ್ಯೂಟರನ್ನೇ ತಲುಪುತ್ತದೆ. ಗೇರು ಬೀಳದ ಗಾಡಿಗೆ ಕಂಪ್ಯೂಟರ್ ಬದಲಿಸುವ ಮುನ್ನ ಪ್ಲಗ್ ಬಿಚ್ಚಿ ಎಣ್ಣೆಯಿದೆಯೇ ನೋಡಬೇಕು. ಮೂಲ ಕಾಯಿಲೆ ಅತಿ ಅಗ್ಗದ ಒಂದು ಬಿಡಿಭಾಗದ್ದು.

ಮೂರನೆಯದು ಕೂಲರಿನ ಪೈಪುಗಳು. ಅಲ್ಯೂಮಿನಿಯಂ ಕೊಳವೆಗೆ ರಬ್ಬರು ಮೆದುಗೊಳವೆ ಅಮುಕಿ ಕೂಡಿಸಿದ ಜಾಗ ಮೊದಲು ಬೆವರುತ್ತದೆ. ಇದು ಅಪಾಯದ ಸೋರಿಕೆ, ಏಕೆಂದರೆ ಇಲ್ಲಿ ಎಣ್ಣೆ ಒತ್ತಡದಲ್ಲಿರುತ್ತದೆ, ಎಕ್ಸಾಸ್ಟೂ ಹತ್ತಿರವಿರುತ್ತದೆ. ಗೇರ್‌ಬಾಕ್ಸ್ ಎಣ್ಣೆಯ ಆವಿ ಕಿಡಿ ತಾಕಿದರೆ ಹೊತ್ತಿಕೊಳ್ಳುವ ಬಿಂದು 200 ಡಿಗ್ರಿಯ ಆಸುಪಾಸು. ರಭಸವಾಗಿ ಓಡಿದ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಅದಕ್ಕಿಂತ ಎಷ್ಟೋ ಬಿಸಿ.

ನಾಲ್ಕನೆಯದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಮುಂಭಾಗದ ಸೀಲ್. ಇಲ್ಲಿ ಬೀಳುವ ಹನಿ ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಎಂದು ಖಚಿತ ಮಾಡಿಕೊಂಡೇ ಪೆಟ್ಟಿಗೆ ಇಳಿಸಬೇಕು. ಐದನೆಯದು ಚಕ್ರದ ಆಕ್ಸಲ್ ಹೊರಬರುವ ಸೀಲುಗಳು. ಗೇರ್‌ಬಾಕ್ಸ್ ಹಿಂದಿರುವ ಕಾರುಗಳಲ್ಲಿ ಈ ಎಣ್ಣೆ ಹಿಂದಿನ ಟೈರಿನ ಹತ್ತಿರವೇ ಚಿಮ್ಮುತ್ತದೆ. ವೇಗದಲ್ಲಿ ತಿರುವು ತೆಗೆದುಕೊಳ್ಳುವ ಗಾಡಿಗೆ ಟೈರಿನ ಮೇಲಿನ ಎಣ್ಣೆ ಏನು ಮಾಡೀತು ಎಂದು ಬಿಡಿಸಿ ಹೇಳಬೇಕಿಲ್ಲ. ಆರನೆಯದು ಉಸಿರುಕೊಳವೆ, ಎಣ್ಣೆ ಹೆಚ್ಚು ತುಂಬಿದರೆ ನೊರೆಯಾಗಿ ಅಲ್ಲಿಂದ ಉಕ್ಕುತ್ತದೆ.

ಹನಿಯನ್ನು ಓದುವ ಬಗೆ

ಗಲ್ಫ್‌ನಲ್ಲಿ ನಿಂತ ಪ್ರತಿ ಕಾರಿನ ಕೆಳಗೂ ಏಸಿಯ ನೀರು ತೊಟ್ಟಿಕ್ಕುತ್ತದೆ. ಅದರ ನಡುವೆ ಎಣ್ಣೆಯ ಹನಿ ಕಳೆದುಹೋಗುವುದು ಸಹಜ. ವ್ಯಾಲೆಯವರಿಗೂ ಡ್ರೈವರುಗಳಿಗೂ ನಾವು ಹೇಳುವ ಉಪಾಯ ಸರಳವಾದದ್ದು: ರಾತ್ರಿ ಬಿಳಿ ರಟ್ಟಿನ ತುಂಡೊಂದನ್ನು ಕಾರಿನ ಕೆಳಗಿಟ್ಟು ಬೆಳಿಗ್ಗೆ ನೋಡಿ. ನೀರು ಒಣಗಿ ಹೋಗಿರುತ್ತದೆ. ಎಣ್ಣೆ ಉಳಿಯುತ್ತದೆ, ಬೆರಳಿಗೆ ಜಾರುತ್ತದೆ.

ತಿಳಿ ಕೆಂಪು ಇದ್ದರೆ ಎಣ್ಣೆ ಇನ್ನೂ ಚೆನ್ನಾಗಿದೆ, ಸೀಲ್ ಮಾತ್ರ ಹೋಗಿದೆ. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಒಳಗೆ ಕ್ಲಚ್ ಬೆಂದಿದೆ. ಗುಲಾಬಿ ಬಣ್ಣದ ಹಾಲಿನಂತಿದ್ದರೆ ರೇಡಿಯೇಟರಿನ ನೀರು ಬೆರೆತಿದೆ. ಗಾಡಿಯನ್ನು ಅಲ್ಲೇ ನಿಲ್ಲಿಸಿ ರಿಕವರಿ ಕರೆಯಬೇಕು. ಆದರೆ ಎಲ್ಲ ಗೇರ್‌ಬಾಕ್ಸ್ ಎಣ್ಣೆಯೂ ಕೆಂಪಲ್ಲ. ಝಡ್‌ಎಫ್‌ನ 8 ಗೇರುಗಳ ಪೆಟ್ಟಿಗೆಯ ಎಣ್ಣೆ ಹಸಿರು ಛಾಯೆಯದ್ದು. ಹಾಗಾಗಿ ಬಣ್ಣದ ಜೊತೆಗೆ ವಾಸನೆ, ಜಿಗುಟು, ಬಿದ್ದ ಜಾಗ ಎಲ್ಲವನ್ನೂ ಕೂಡಿಸಿ ನೋಡಬೇಕು.

ಸ್ಪೋರ್ಟ್ಸ್ ಕಾರಿನಲ್ಲಿ ಇನ್ನೊಂದು ಮೋಸವಿದೆ. ಗಾಳಿ ಸಲೀಸಾಗಿ ಹರಿಯಲೆಂದು ಹೊಟ್ಟೆಯಡಿ ಅಗಲವಾದ ಪ್ಲಾಸ್ಟಿಕ್ ಹಲಗೆ ಹಾಕಿರುತ್ತಾರೆ. ಸೋರಿದ ಎಣ್ಣೆ ಮೊದಲು ಅದರ ಮೇಲೆ ನಿಲ್ಲುತ್ತದೆ. ಅಂದರೆ ನೆಲದ ಮೇಲೆ ಮೊದಲ ಹನಿ ಕಾಣುವಾಗ ಸೋರಿಕೆ ಶುರುವಾಗಿ ವಾರಗಳಾಗಿರಬಹುದು. ಎಂಜಿನ್ ಆಯಿಲ್ ಬದಲಿಸಲು ಆ ಹಲಗೆ ಬಿಚ್ಚಿದಾಗಲೆಲ್ಲ ಅದರ ಒಳಮೈ ನೋಡುವುದಕ್ಕೆ ಒಂದು ನಿಮಿಷ ಸಾಕು.

ಹನಿಯ ಲೆಕ್ಕವನ್ನೂ ಮಾಡಿ ನೋಡೋಣ. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ ಒಂದೇ ಹನಿ ಎಂದರೂ ದಿನಕ್ಕೆ 1,440 ಹನಿ, 72 ಮಿಲಿಲೀಟರ್. ಎರಡು ವಾರಕ್ಕೆ ಒಂದು ಲೀಟರ್! ಹನಿ ಹನಿಗೂಡಿ ಹಳ್ಳ ಎಂಬುದು ಉಳಿತಾಯಕ್ಕಷ್ಟೇ ಹೇಳಿದ ಮಾತಲ್ಲ. ಸಾಧಾರಣ ಸೆಡಾನಿನಲ್ಲಿ ಅರ್ಧ ಲೀಟರ್ ಕಡಿಮೆಯಾದರೆ ಸ್ವಲ್ಪ ದಿನ ಗೊತ್ತಾಗದೆ ಹೋಗಬಹುದು. ಸ್ಪೋರ್ಟ್ಸ್ ಕಾರು ಚಿಮ್ಮಿದಾಗ ಪ್ಯಾನಿನ ಎಣ್ಣೆಯೆಲ್ಲ ಹಿಂದಕ್ಕೆ ನುಗ್ಗುತ್ತದೆ, ಪಂಪು ಗಾಳಿ ಹೀರುತ್ತದೆ, ಒತ್ತಡ ಕುಸಿಯುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಡಿ ಅಥವಾ ಆರ್‌ಗೆ ಹಾಕಿದಾಗ ಗಾಡಿ ಒಂದು ಕ್ಷಣ ಯೋಚಿಸಿ ಹೊರಟಂತೆ ಅನಿಸಿದರೆ ಅದನ್ನೇ ಮೊದಲ ಸೂಚನೆ ಎಂದು ತಿಳಿಯಬೇಕು.

ಮಟ್ಟ ನೋಡುವ ಹೊತ್ತು

ಈಗಿನ ಹೆಚ್ಚಿನ ಪೆಟ್ಟಿಗೆಗಳಿಗೆ ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಚಾಲೂ ಇಟ್ಟು, ಕಾರನ್ನು ಸಮತಟ್ಟಾಗಿ ಎತ್ತಿ, ಎಣ್ಣೆ ನಿಗದಿತ ಉಷ್ಣತೆಯಲ್ಲಿರುವಾಗ ಪಕ್ಕದ ಪ್ಲಗ್ ಬಿಚ್ಚಿ ನೋಡಬೇಕು. ಝಡ್‌ಎಫ್ ಪೆಟ್ಟಿಗೆಗೆ ಅದು 30ರಿಂದ 50 ಡಿಗ್ರಿ, 6 ಗೇರುಗಳ ಡಿಎಸ್‌ಜಿಗೆ 35ರಿಂದ 45. ಇಲ್ಲಿದೆ ಗಲ್ಫ್‌ನ ತೊಡಕು. ಆಗಸ್ಟಿನಲ್ಲಿ ಅಂಗಳದಲ್ಲಿ ನಿಂತ ಕಾರಿನ ಎಣ್ಣೆ ಮಧ್ಯಾಹ್ನದ ಹೊತ್ತಿಗೆ, ಎಂಜಿನ್ ಶುರು ಮಾಡುವ ಮೊದಲೇ, ಈ ಮಿತಿಯ ಅಂಚಿಗೆ ಬಂದಿರುತ್ತದೆ. ಶುರು ಮಾಡಿದ ಕೆಲವೇ ನಿಮಿಷದಲ್ಲಿ ದಾಟಿಹೋಗುತ್ತದೆ. ಬಿಸಿ ಎಣ್ಣೆ ಹಿಗ್ಗುತ್ತದೆ. 65 ಡಿಗ್ರಿಯಲ್ಲಿ ಪ್ಲಗ್ಗಿನಿಂದ ಹೊರಚೆಲ್ಲಿದ್ದನ್ನು ನೋಡಿ 'ತುಂಬಿದೆ' ಎಂದು ಮುಚ್ಚಿದರೆ ನಿಜವಾಗಿ ಎಣ್ಣೆ ಕಡಿಮೆ ಉಳಿದಿರುತ್ತದೆ.

ಆದ್ದರಿಂದ ಈ ಕೆಲಸಕ್ಕೆ ಹೊತ್ತು ಗೊತ್ತು ಮಾಡಿ. ಸಂಜೆ ಕಾರನ್ನು ಒಳಗೆ ನಿಲ್ಲಿಸಿ, ಬೆಳಗಿನ ಮೊದಲ ಕೆಲಸವಾಗಿ ಎಣ್ಣೆ ತುಂಬಿ, ಸ್ಕ್ಯಾನರಿನಲ್ಲಿ ಎಣ್ಣೆಯ ಉಷ್ಣತೆ ಓದುತ್ತಲೇ ಮಟ್ಟ ನೋಡಿ. 'ಕೈ ಮುಟ್ಟಿದರೆ ಗೊತ್ತಾಗುತ್ತದೆ' ಎಂಬ ಮಾತು ಇಲ್ಲಿ ನಡೆಯದು. ಎಲ್ಲದಕ್ಕೂ ಇದೇ ನಿಯಮ ಎಂದೂ ಅಲ್ಲ. ಮೇಲೆ ಹೇಳಿದ 722.6 ಪೆಟ್ಟಿಗೆಯನ್ನು ಗ್ಯಾರೇಜಿನ ವಿಶೇಷ ಕಡ್ಡಿಯಿಂದ 80 ಡಿಗ್ರಿಯಲ್ಲಿ ಅಳೆಯುತ್ತಾರೆ. ಕಾರಿನ ಪುಸ್ತಕ ತೆರೆದು ನೋಡುವುದರಲ್ಲಿ ಯಾವ ಅವಮಾನವೂ ಇಲ್ಲ.

ನೀರು ಕುಡಿದ ಗಾಡಿಗಳು

2024ರ ಏಪ್ರಿಲ್ 16ರ ಮಳೆಯನ್ನು ಎಮಿರೇಟ್ಸಿನಲ್ಲಿದ್ದ ಯಾರೂ ಮರೆಯುವಂತಿಲ್ಲ. ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿ.ಮೀ. ಸುರಿಯಿತು. ನಮ್ಮ ಕರಾವಳಿಯ ಆಟಿ ತಿಂಗಳಿನಲ್ಲೂ ಅಷ್ಟು ಮಳೆ ಬಿದ್ದ ದಿನ ಸುದ್ದಿಯಾಗುತ್ತದೆ. ಅಂದು ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಿವೆ ಎಂದು ನಂಬಿ ಕೂರಬೇಡಿ. ನೀರಿನಲ್ಲಿ ನಿಂತ ಗಾಡಿಯ ಬಿಸಿ ಗೇರ್‌ಬಾಕ್ಸ್ ಒಮ್ಮೆಲೇ ತಣಿದಾಗ ಉಸಿರುಕೊಳವೆಯ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಕ್ಲಚ್ ಪ್ಲೇಟಿನ ಮೇಲಿನ ಪದರ ಕಾಗದದ ಜಾತಿಯದ್ದು. ನೀರು ಹೀರಿ ಉಬ್ಬುತ್ತದೆ, ಅಂಟು ಬಿಡುತ್ತದೆ. ಎಣ್ಣೆ ಬದಲಿಸಿದ ಮೇಲೆ ಗಾಡಿ ಚೆನ್ನಾಗಿಯೇ ಓಡಬಹುದು, ತಿಂಗಳುಗಳ ನಂತರ ಪದರ ಕಿತ್ತು ಬರಬಹುದು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಸೀಟಿನ ಕಂಬಿ, ಬೆಲ್ಟಿನ ಬುಡದಲ್ಲಿ ಕೆಸರು ತುಕ್ಕು ಹುಡುಕುವುದರ ಜೊತೆಗೆ ಗೇರ್‌ಬಾಕ್ಸ್ ಎಣ್ಣೆಯ ಮಾದರಿಯನ್ನೂ ತೆಗೆಸಿ ನೋಡಬೇಕು.

ಹಳೆ ಎಣ್ಣೆಯ ಭಯ

'ಇಷ್ಟು ವರ್ಷ ಮುಟ್ಟಿಲ್ಲ, ಈಗ ಬದಲಿಸಿದರೆ ಗೇರ್‌ಬಾಕ್ಸ್ ಹೋಗುತ್ತದೆ' ಎಂಬ ಮಾತು ಸನಾಯಾದಲ್ಲಿ ವೇದವಾಕ್ಯ. ಅದರಲ್ಲಿ ಒಂದು ಎಳೆ ಸತ್ಯವಿದೆ. ಈಗಾಗಲೇ ಜಾರುತ್ತಿರುವ, ಸುಟ್ಟ ವಾಸನೆಯ ಪೆಟ್ಟಿಗೆಗೆ ಹೊಸ ಎಣ್ಣೆ ಮದ್ದಾಗದು. ಸವೆದ ಕ್ಲಚ್ಚನ್ನು ಎಣ್ಣೆ ಮರಳಿ ಬೆಳೆಸುವುದಿಲ್ಲ. ಅಂಥ ಗಾಡಿ ನಾಳೆ ನಿಲ್ಲುವುದಿದ್ದರೆ ಎಣ್ಣೆ ಬದಲಿಸಿದರೂ ನಿಲ್ಲುತ್ತದೆ, ಬಿಟ್ಟರೂ ನಿಲ್ಲುತ್ತದೆ. ಆದರೆ ಗೇರು ಸರಿಯಾಗಿ ಬೀಳುವ ಗಾಡಿಗೆ ಸರಿಯಾದ ಎಣ್ಣೆ ಹಾಕುವುದರಿಂದ ಕೇಡಿಲ್ಲ. ಪ್ಯಾನ್ ಇಳಿಸಿ ಖಾಲಿ ಮಾಡಿದರೆ ಸುಮಾರು ಅರ್ಧದಷ್ಟು ಎಣ್ಣೆ ಟಾರ್ಕ್ ಕನ್ವರ್ಟರಿನಲ್ಲೇ ಉಳಿಯುತ್ತದೆ. ತುಂಬ ಹಳೆಯ ಎಣ್ಣೆಯಿದ್ದರೆ ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸುವುದು ಜಾಣತನ. ಡಬ್ಬಿಯ ಮೇಲೆ 'ಎಲ್ಲ ವಾಹನಗಳಿಗೂ' ಎಂದು ಬರೆದ ಅಗ್ಗದ ಎಣ್ಣೆ, ಸೀಲು ಸಡಿಲಾದ ಡಬ್ಬಿ, ಇವೆರಡನ್ನೂ ಸ್ಪೋರ್ಟ್ಸ್ ಕಾರಿನ ಹತ್ತಿರ ತರಬೇಡಿ.

ಬರೆದಿಡಿ

ಕೊನೆಯದಾಗಿ, ಸ್ಪ್ಯಾನರಿಗಿಂತ ಪೆನ್ನು ನಮ್ಮನ್ನು ಹೆಚ್ಚು ಕಾಯುವ ಸಂದರ್ಭಗಳಿವೆ. ಡ್ರೈವರ್ ಆಗಿದ್ದರೆ, ಸೋರಿಕೆ ಕಂಡ ದಿನವೇ ಫೋಟೋ ತೆಗೆದು, ದಿನಾಂಕ ಮತ್ತು ಕಿಲೋಮೀಟರ್ ಸಹಿತ ಯಜಮಾನರಿಗೆ ಕಳುಹಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ವ್ಯಾಲೆಯವರು ಕೀಲಿ ಪಡೆಯುವಾಗಲೇ ಕೆಳಗೆ ಕಣ್ಣು ಹಾಯಿಸಿ. ಮೆಕ್ಯಾನಿಕ್ ಆಗಿದ್ದರೆ, ಜಾರುತ್ತಿರುವ ಪೆಟ್ಟಿಗೆಗೆ ಕೈ ಹಾಕುವ ಮುನ್ನ ಅದರ ಸ್ಥಿತಿಯನ್ನು ಜಾಬ್ ಕಾರ್ಡಿನಲ್ಲಿ ಬರೆದು ಗ್ರಾಹಕನ ಸಹಿ ಪಡೆಯಿರಿ. ಹಾಕಿದ ಎಣ್ಣೆಯ ಹೆಸರು, ಪ್ರಮಾಣ, ಮಟ್ಟ ನೋಡಿದಾಗಿನ ಉಷ್ಣತೆ ನಮೂದಿಸಿ.

ಮೈಯನ್ನೂ ಕಾಪಾಡಿಕೊಳ್ಳಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೇಳಿದರೂ ನುಗ್ಗಬೇಡಿ. 90 ಡಿಗ್ರಿಯ ಎಣ್ಣೆ ತೋಳಿನ ಮೇಲೆ ಬಿದ್ದರೆ ಚರ್ಮ ಉಳಿಯುವುದಿಲ್ಲ; ತಣಿಯಲು ಬಿಡಿ, ಕೈಗವಸು ಹಾಕಿ. ಎಮಿರೇಟ್ಸಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ನಿಷಿದ್ಧ. ಅಂಗಳದಲ್ಲಿ ಕಾರಿನಡಿ ಮಲಗುವವರಿಗೂ ಆ ವಿರಾಮದ ಹಕ್ಕಿದೆ. ತೆಗೆದ ಎಣ್ಣೆಯನ್ನು ಮರಳಿಗೆ ಸುರಿಯದೆ ಡ್ರಮ್ಮಿಗೆ ಹಾಕಿ.

ಈ ಕಸುಬಿನ ತಿಳಿವಳಿಕೆ ಇಲ್ಲಿಗೇ ಮುಗಿಯುವುದಿಲ್ಲ. ಬೆಂಗಳೂರು, ಮಂಗಳೂರುಗಳ ರಸ್ತೆಯಲ್ಲೂ ಈಗ ಜೋಡಿ ಕ್ಲಚ್ಚಿನ ಕಾರುಗಳು ಓಡುತ್ತಿವೆ. ನಾಳೆ ಕುಂದಾಪುರದಲ್ಲೋ ಪುತ್ತೂರಿನಲ್ಲೋ ಸ್ವಂತ ಗ್ಯಾರೇಜಿನ ಬೋರ್ಡು ಹಾಕಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಅಂದು ಜೊತೆಗೆ ಒಯ್ಯುವ ದೊಡ್ಡ ಬಂಡವಾಳ ಈ ಕೈಯ ತಿಳಿವಳಿಕೆಯೇ. ಅದಕ್ಕೆ ಪುರಾವೆಯಾಗಿ ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ: ಕಾರಿನ ಮಾದರಿ, ಕಿಲೋಮೀಟರ್, ಎಣ್ಣೆಯ ಬಣ್ಣ, ಸೋರಿದ ಜಾಗ, ಮಾಡಿದ ಕೆಲಸ. ವರ್ಷ ಕಳೆಯುವಷ್ಟರಲ್ಲಿ ಅದು ಯಾವ ಕಂಪನಿಯ ಪುಸ್ತಕದಲ್ಲೂ ಸಿಗದ, ಈ ಮಣ್ಣಿನ ಬಿಸಿಗೆ ಹೊಂದುವ ಕೈಪಿಡಿಯಾಗಿರುತ್ತದೆ.